ಬೆಲ್ಲದ ಡಬ್ಬಿಯೊಳಗಿನ ಸಂಗವ್ವ

ಜೂನ್ 16, ಸೋಮವಾರ

ಈ ಡೈರಿ ವಿಕಾಸನ ಹೊಸ ಆಫೀಸಿನಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು. ಅರ್ಧ ವರ್ಷ ಮುಗಿದ ಡೈರಿ ಯಾರಿಗೆ ಬೇಕು? ಕಿರಾಣಿ ಚೀಟಿ ಬರೆದುಕೊಳ್ಳಲು ಆದೀತು ಎಂದು ತಂದುಕೊಟ್ಟ. ಗಂಡನನ್ನು ಎದುರಿಗೆ ನಾನು 'ರೀ' ಎಂದೇ ಕರೆಯುವುದು. ಇಲ್ಲಿ ಮಾತ್ರ ವಿಕಾಸ ಎಂದು ಬರೆಯುತ್ತೇನೆ, ಕೇಳುವವರು ಯಾರೂ ಇಲ್ಲ.

ಕೇಳುವವರು ಯಾರೂ ಇಲ್ಲ ಎಂಬುದೇ ನನ್ನ ಇವತ್ತಿನ ಸುದ್ದಿ. ಧಾರವಾಡ ಬಿಟ್ಟು ಪುಣೆಯ ಕೋಥರೂಡಿನ ಈ ನಾಲ್ಕನೇ ಮಹಡಿಗೆ ಬಂದು ತಿಂಗಳಾಯಿತು. ವಿಕಾಸ ಮಗರಪಟ್ಟಾದಲ್ಲಿ ವಿಮೆಯ ಕ್ಲೇಮುಗಳನ್ನು ನೋಡುತ್ತಾನೆ, ಅದೂ ಇಂಗ್ಲೆಂಡಿನ ಗಡಿಯಾರಕ್ಕೆ ಸರಿಯಾಗಿ. ಮಧ್ಯಾಹ್ನ ಹನ್ನೆರಡಕ್ಕೆ ಅವನ ಕ್ಯಾಬು ಹೊರಡುತ್ತದೆ. ಹನ್ನೆರಡೂವರೆಗೆ ಮಗಳು ರೇಣುವನ್ನು ಶಾಲೆಯ ವ್ಯಾನು ಮನೆಗೆ ತಂದುಬಿಡುತ್ತದೆ. ಅವನು ಮನೆ ಮುಟ್ಟುವಾಗ ಅವಳ ಅರ್ಧ ನಿದ್ದೆ ಮುಗಿದಿರುತ್ತದೆ. ಅಪ್ಪ ಮಗಳು ಮುಖ ನೋಡುವುದು ಶನಿವಾರ ರವಿವಾರ ಮಾತ್ರ, ಸಂತೆಗೆ ಬಂದವರ ಹಾಗೆ.

ಇವತ್ತು ರೇಣುವಿಗೆ ಹೊಸ ಶಾಲೆಯ ಮೊದಲ ದಿನ. ಎರಡನೇ ಇಯತ್ತೆ, ಮರಾಠಿ ಶಾಲೆ. ಬಂದವಳು ಬೂಟು ಬಿಚ್ಚುವ ಮೊದಲೇ ಶುರು ಮಾಡಿದಳು. ವ್ಯಾನಿನಲ್ಲಿ ಪಕ್ಕದ ಹುಡುಗಿಗೆ ಮುಂದಿನ ಎರಡು ಹಲ್ಲಿಲ್ಲ. ಟೀಚರನ್ನು ಎಲ್ಲರೂ ಮಂಜರಿತಾಈ ಅನ್ನುತ್ತಾರೆ, ತಾಈ ಎಂದರೆ ಅಕ್ಕ. ನೀರಿನ ನಲ್ಲಿ ಎತ್ತರದಲ್ಲಿದೆ. ಹೀಗೆ ಅರ್ಧ ತಾಸು. ನೀನು ಅಲ್ಲಿ ಏನು ಮಾತಾಡಿದೆ ಎಂದು ಕೇಳಿದರೆ, ಏನೂ ಇಲ್ಲ, ಕೇಳಿಕೊಂಡು ಕೂತಿದ್ದೆ ಎಂದಳು.

ರಾತ್ರಿ ಮಲಗುವ ಮುಂಚೆ ಎಂದಿನಂತೆ ಸಂಗವ್ವನ ಕಥೆ ಆಯಿತು. ಸಂಗವ್ವ ಒಂದು ಇರುವೆ. ಧಾರವಾಡದ ಮನೆಯಲ್ಲಿ ಗೋಡೆಗಡಿಯಾರದ ಹಿಂದೆ ಇದ್ದವಳು, ನಮ್ಮ ಸಾಮಾನಿನ ಜೊತೆ ಲಾರಿ ಹತ್ತಿ ಪುಣೆಗೆ ಬಂದಿದ್ದಾಳೆ. ಕಥೆ ನನ್ನದು ಎಂದು ಹೇಳಿಕೊಳ್ಳುವ ಹಾಗಿಲ್ಲ. ನಾನು ಎರಡು ಮಾತು ಹೇಳಿ 'ಮುಂದ ಏನಾತು ಹೇಳು' ಎಂದರೆ ಉಳಿದ ಹತ್ತು ಮಾತು ರೇಣುವಿನವು.

ಜೂನ್ 28, ಶನಿವಾರ

ಮಂಜರಿತಾಈ ಪಾಲಕರನ್ನು ಕರೆದಿದ್ದರು. ವಿಕಾಸ ಒಬ್ಬನೇ ಹೋದ. ಅವನು ಹುಟ್ಟಿದ್ದು ಬೆಳಗಾವಿಯ ಹತ್ತಿರವಾದರೂ ಬೆಳೆದದ್ದು ಇಲ್ಲಿಯ ಸದಾಶಿವ ಪೇಠದ ಸೋದರಮಾವನ ಮನೆಯಲ್ಲಿ, ಅವನ ಮರಾಠಿ ಅಚ್ಚುಕಟ್ಟು. ನನ್ನ ಮರಾಠಿ ಕಾಯಿಪಲ್ಯ ಮಾರುವವಳ ಎದುರು ಶುರುವಾಗಿ ಅವಳ ಎದುರೇ ಮುಗಿಯುತ್ತದೆ.

ಬಂದವನ ಮುಖ ಗಂಟಾಗಿತ್ತು. ರೇಣು ತರಗತಿಯಲ್ಲಿ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲವಂತೆ. ನೀರು ಬೇಕಾದರೆ ಬೆರಳು ತೋರಿಸುತ್ತಾಳಂತೆ. ಇವತ್ತಿನಿಂದ ಮನೆಯಲ್ಲಿ ಬರೀ ಮರಾಠಿ ಮಾತಾಡಬೇಕು ಎಂದ. ಟೀಚರೇ ಹೇಳಿದ್ದಾರೆ ಎಂದ. ನಾನು, ನನಗೆ ಬರುವುದೇ ನಾಲ್ಕು ಮಾತು ಎಂದೆ. ಆ ನಾಲ್ಕೇ ಆಡು, ದಿನಕ್ಕೆ ಒಂದು ಕೂಡುತ್ತದೆ ಎಂದ.

ಆಮೇಲೆ ದನಿ ತಗ್ಗಿಸಿ, "ನನಗಾದದ್ದು ಅಕಿಗೆ ಆಗೂದು ಬ್ಯಾಡ ನೀಲಿಮಾ" ಎಂದ.

ಅವನಿಗಾದದ್ದು ನನಗೆ ಗೊತ್ತು. ಮೂರನೇ ಇಯತ್ತೆಯಲ್ಲಿ ಎದ್ದು ನಿಂತು ಪಾಠ ಓದುವಾಗ ನಡುವೆ ಒಂದು ಕನ್ನಡ ಶಬ್ದ ಬಿತ್ತು, ತರಗತಿಯೆಲ್ಲ ನಕ್ಕಿತು. ಏಳನೆಯವರೆಗೂ ಅವನ ಹೆಸರು 'ಕಾನಡ್ಯಾ' ಆಯಿತು. ಮದುವೆಯಾದ ಹೊಸದರಲ್ಲಿ ನಗುನಗುತ್ತಾ ಹೇಳಿದ್ದ. ಹೇಳುವಾಗ ಕಿವಿ ಮಾತ್ರ ಕೆಂಪಾಗಿದ್ದವು. ಹಾಗಾಗಿ ನಾನು ಎದುರಾಡಲಿಲ್ಲ. ಮಗಳ ಒಳ್ಳೆಯದಕ್ಕೆ ತಾನೇ.

ಸಂಗವ್ವನ ಕಥೆಯನ್ನೂ ನಿಲ್ಲಿಸಬೇಕಾಯಿತು. ನಿನ್ನೆಯಷ್ಟೇ ಅವಳು ನಮ್ಮ ಬೆಲ್ಲದ ಡಬ್ಬಿಯಲ್ಲಿ ಬಿದ್ದಿದ್ದಳು, ಮೇಲೆ ಮುಚ್ಚಳ ಬಿದ್ದಿತ್ತು. ಅಕಿ ಹೆಂಗ ಹೊರಗ ಬರ್ತಾಳ ನಾಳೆ ಹೇಳತೇನಿ ಎಂದು ರೇಣು ಮಲಗಿದ್ದಳು. ಇವತ್ತು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕಾಯುತ್ತಿದ್ದಳು. ನಾನು ದೀಪ ಆರಿಸಿ 'ಝೋಪ' ಎಂದೆ. ಮಲಗು ಎಂಬುದಕ್ಕೆ ಮರಾಠಿ ಅದು, ನನಗೆ ಬರುವ ನಾಲ್ಕರಲ್ಲಿ ಒಂದು.

ಜುಲೈ 3, ಗುರುವಾರ

ಊಠ. ಜೇವ. ಲಿಹಿ. ಝೋಪ. ಏಳು, ಉಣ್ಣು, ಬರೆ, ಮಲಗು. ನನ್ನ ಮರಾಠಿಯಲ್ಲಿ ಹುಕುಮುಗಳು ಮಾತ್ರ ಇವೆ ಎಂದು ಇವತ್ತು ಗೊತ್ತಾಯಿತು. ರೇಣುವಿನ ಉತ್ತರಗಳೂ ಅಷ್ಟೇ: ಹೋ, ನಕೋ, ಝಾಲಂ. ಹೂಂ, ಬೇಡ, ಆಯಿತು. ಪೊಲೀಸ್ ಠಾಣೆಯಲ್ಲಿ ಇದಕ್ಕಿಂತ ಹೆಚ್ಚು ಮಾತು ನಡೆಯುತ್ತಿರಬಹುದು.

'ಅವ್ವಾ' ಅನ್ನುತ್ತಿದ್ದವಳು ಈಗ 'ಆಯೀ' ಅನ್ನುತ್ತಾಳೆ. ಯಾರನ್ನೋ ಕರೆದಳು ಎಂದು ನಾನು ಒಂದು ಗಳಿಗೆ ತಡೆದು ತಿರುಗುತ್ತೇನೆ.

ಜುಲೈ 11, ಶುಕ್ರವಾರ

ಕಳೆಯುವ ಲೆಕ್ಕ. ಈ ಶಾಲೆಯಲ್ಲಿ ಗಣಿತ ಮಾತ್ರ ಇಂಗ್ಲಿಷಿನಲ್ಲಿ. ನಲವತ್ತೆರಡರಲ್ಲಿ ಹದಿನೇಳು ಹೋಗಬೇಕು, ಎರಡರಲ್ಲಿ ಏಳು ಹೋಗುವುದಿಲ್ಲ, ಬಾರೋ ಮಾಡು ಎಂದೆ. ಕಡ ತರುವುದಕ್ಕೆ ಪುಸ್ತಕದ ಇಂಗ್ಲಿಷ್ ಶಬ್ದ ಅದು. ಬಾರೋ ಎಂದರೆ ಏನು ಎಂದು ಅವಳು ಕಣ್ಣಲ್ಲೇ ಕೇಳಿದಳು. ಬಾಯಲ್ಲಿ ಕೇಳಲಿಲ್ಲ. ನನಗೆ ಮರಾಠಿಯಲ್ಲಿ ಹೇಳಲು ಬರಲಿಲ್ಲ, ಕನ್ನಡದಲ್ಲಿ ಹೇಳುವ ಹಾಗಿಲ್ಲ. ಬಾರೋ, ಬಾರೋ ಎಂದು ದನಿ ಏರಿಸಿದೆ. ಜೋರಾಗಿ ಹೇಳಿದರೆ ತಿಳಿಯುತ್ತದೆ ಎಂದು ಯಾವ ಗುರು ನನಗೆ ಕಲಿಸಿದನೋ. ಕೊನೆಗೆ ನಾನೇ ಉತ್ತರ ಹೇಳಿದೆ, ಅವಳು ಬರೆದಳು.

'ನಮ್ಮ ಸಹಾಯಕರು' ಎಂಬ ಚಾರ್ಟನ್ನೂ ನಾನೇ ಮಾಡಿದೆ. ಪೋಸ್ಟ್‌ಮನ್ನಿನ ಟೋಪಿ ಚೆನ್ನಾಗಿ ಬಂದಿದೆ. ಅವಳು ಗೋಂದಿನ ಬಾಟಲಿ ಹಿಡಿದು ನೋಡುತ್ತಾ ನಿಂತಿದ್ದಳು.

ಜುಲೈ 20, ರವಿವಾರ

ಎದುರಿನ ಮನೆಯ ಹಿರಿಯ ಹೆಂಗಸು ಇಂದೂ ಕಾಕು ಲಿಫ್ಟಿನಲ್ಲಿ ಸಿಕ್ಕು ಉದ್ದಕ್ಕೆ ಏನೋ ಕೇಳಿದರು. ಅರ್ಧ ತಿಳಿಯಿತು. 'ಹೋ' ಎಂದು ನಕ್ಕೆ. ಅದು ಹೋ ಎನ್ನುವ ಪ್ರಶ್ನೆಯಲ್ಲ ಎಂದು ಅವರ ಮುಖ ನೋಡಿ ತಿಳಿಯಿತು. ನನಗೆ ಸೊಕ್ಕು ಎಂದುಕೊಂಡಿರಬೇಕು. ನನ್ನ ಸೊಕ್ಕನ್ನು ಧಾರವಾಡದಲ್ಲಿ ಯಾರಾದರೂ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ರವಿವಾರ ವಿಕಾಸ ಬೆಳಗಾವಿಗೆ ತನ್ನ ತಾಯಿಗೆ ಫೋನ್ ಮಾಡುತ್ತಾನೆ. ನಮ್ಮ ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಹಾಗಾಗಿ ವಾರಕ್ಕೊಮ್ಮೆ ಅರ್ಧ ತಾಸು ಈ ಮನೆಯಲ್ಲಿ ಕನ್ನಡ ಕೇಳಿಸುತ್ತದೆ, ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು. ಕಾನೂನು ಮಾಡಿದವರಿಗೆ ಅಷ್ಟು ರಿಯಾಯಿತಿ ಇರಬೇಕಲ್ಲ. ಇವತ್ತು ರೇಣು ಪುಸ್ತಕ ತಂದು ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮೇಜು ಬಿಟ್ಟು ಅಲ್ಲೇಕೆ ಕೂತೆ ಎಂದು ಗದರಿದೆ. ಎದ್ದು ಹೋದಳು. ಓದು ತಪ್ಪಿಸಲು ಈ ಹುಡುಗಿಗೆ ಏನೇನು ದಾರಿಗಳು!

ಜುಲೈ 29, ಮಂಗಳವಾರ

ನಾಗರ ಪಂಚಮಿ. ಈ ಸಲ ತವರಿಗೆ ಹೋಗಲಿಲ್ಲ, ರೇಣುವಿಗೆ ಪರೀಕ್ಷೆ ಇತ್ತು. ನನ್ನವ್ವ ಶಿವಗಂಗವ್ವ ವಾರದಿಂದ ಫೋನಿನಲ್ಲಿ ಕೇಳುತ್ತಿದ್ದಳು. ಜೋಕಾಲಿ ಕಟ್ಟಿದ್ದಾರಂತೆ, ತಮ್ಮನ ಹೆಂಡತಿ ಜೀಕುವ ಸದ್ದು ಫೋನಿನಲ್ಲೇ ಕೇಳಿಸಿತು.

ನಾನೂ ಶೇಂಗಾ ಉಂಡಿ ಮಾಡಿದೆ. ಬೆಲ್ಲದ ಡಬ್ಬಿ ತೆಗೆದು, ಬೆಲ್ಲ ಕುಟ್ಟಿ, ಪಾಕ ಮಾಡಿ, ಒಬ್ಬಳೇ ಕಟ್ಟಿದೆ. ಊರಲ್ಲಾದರೆ ಐದಾರು ಹೆಂಗಸರು ಸುತ್ತ ಕೂತು, ಕೈ ಸುಟ್ಟುಕೊಂಡು, ಊರಿನವರನ್ನೆಲ್ಲ ಆಡಿಕೊಂಡು ಕಟ್ಟುತ್ತೇವೆ. ರೇಣು ಅಡುಗೆಮನೆಯ ಬಾಗಿಲಲ್ಲಿ ನಿಂತು ಡಬ್ಬಿಯನ್ನೇ ನೋಡುತ್ತಿದ್ದಳು. ಬೆಲ್ಲ ಬೇಕೇನೋ ಎಂದು ಒಂದು ಚೂರು ಕೊಟ್ಟು 'ಅಭ್ಯಾಸ ಕರ', ಓದಿಕೋ ಹೋಗು ಎಂದೆ.

ಸಂಜೆ ಅವ್ವ ಮೊಮ್ಮಗಳ ಕೈಗೆ ಫೋನ್ ಕೊಡು ಎಂದಳು. ರೇಣು ಎರಡು ಸಲ 'ಹೋ' ಎಂದು ಫೋನ್ ನನಗೆ ವಾಪಸು ಕೊಟ್ಟಳು.

"ಹುಡುಗಿಗೆ ಏನಾಗ್ಯದ?" ಎಂದು ಅವ್ವ ಕೇಳಿದಳು. "ಮದಲ ಫೋನ್ ಬಿಡಿಸಿಕೊಳ್ಳಾಕ ಸಾಕಾಗಿ ಹೋಗತಿತ್ತು."

ಓದಿನ ಕಡೆ ಲಕ್ಷ್ಯ ಇದೆ ಎಂದು ಹೇಳಿದೆ. ಉಂಡಿ ಗಟ್ಟಿಯಾಗಿವೆ. ಇಂದೂ ಕಾಕುಗೆ ನಾಲ್ಕು ಕೊಡೋಣ ಎಂದು ತಟ್ಟೆಗೆ ಹಾಕಿದೆ. ಕೊಡುವಾಗ ಏನು ಹೇಳಬೇಕು, ಪಂಚಮಿಗೂ ಉಂಡಿಗೂ ಏನು ಸಂಬಂಧ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿ, ತಟ್ಟೆಯನ್ನು ವಾಪಸು ಡಬ್ಬಿಗೆ ಸುರಿದೆ.

ಆಗಸ್ಟ್ 14, ಗುರುವಾರ

ಪರೀಕ್ಷೆಯಲ್ಲಿ ಬರೆಯುವುದೆಲ್ಲ ಚೆನ್ನಾಗಿದೆ. ಬಾಯಿ ಪರೀಕ್ಷೆಯ ಕಡೆ ಒಂದು ಗೆರೆ. ಸೊನ್ನೆ ಕೂಡ ಹಾಕಿಲ್ಲ, ಗೆರೆ.

ಪಾಲಕರ ವಾಟ್ಸಾಪ್ ಗುಂಪಿನಲ್ಲಿ ನಾಳಿನ ಧ್ವಜವಂದನೆಗೆ ಯಾರು ಹೂವು ತರುತ್ತೀರಿ ಎಂದು ಮಾತು ನಡೆದಿತ್ತು. ನಾನು ಎಂದಿನಂತೆ ಕೈ ಮುಗಿದ ಚಿತ್ರ ಹಾಕಿದೆ. ಆ ಗುಂಪಿನಲ್ಲಿ ನಾನು ಕೈ ಮುಗಿಯುವ ಹೆಂಗಸು.

ಆಗಸ್ಟ್ 31, ರವಿವಾರ

ನಮ್ಮ ಸೊಸೈಟಿಯ ಗಣಪತಿಯ ಎದುರು ಇವತ್ತು ಮಕ್ಕಳ ಕಾರ್ಯಕ್ರಮ. ರೇಣು ಎರಡೇ ಎರಡು ಸಾಲು ಹೇಳಬೇಕಿತ್ತು: ನನ್ನ ಹೆಸರು ಇದು, ಗಣಪತಿ ಬಪ್ಪಾ ನನಗೆ ಬುದ್ಧಿ ಕೊಡು. ವಾರವಿಡೀ ಹೇಳಿಸಿದ್ದೆ. ವಿಕಾಸನಿಗೆ ರಜೆ ಇರಲಿಲ್ಲ, ಯಾರದೋ ಬದಲಿಗೆ ಕೆಲಸ ಬಿತ್ತು.

ಹಸಿರು ಪರಕಾರ ಹಾಕಿಕೊಂಡು ವೇದಿಕೆ ಹತ್ತಿದಳು. ಮೈಕು ಅವಳ ಎತ್ತರಕ್ಕೆ ಇಳಿಸಿದರು. ನಿಂತಳು. ಎಲ್ಲರೂ ಕಾದರು. ಯಾರೋ ಕೆಳಗಿನಿಂದ ಮೊದಲ ಶಬ್ದ ಹೇಳಿಕೊಟ್ಟರು, ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಅವಳು ಹಿಂದಿನ ಸಾಲಿನಲ್ಲಿದ್ದ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳು ಮಗಳೇ ಎಂದು ನನ್ನ ಬಾಯಿಗೆ ಬಂದದ್ದು ಕನ್ನಡದಲ್ಲಿ. ನುಂಗಿಕೊಂಡೆ. ಮರಾಠಿಯಲ್ಲಿ ಏನೂ ಬರಲಿಲ್ಲ. ಹಾಗೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನೂರು ಜನರ ನಡುವೆ ಒಬ್ಬರನ್ನೊಬ್ಬರು ನೋಡುತ್ತಾ ಉಳಿದೆವು. ಆಮೇಲೆ ಇಂದೂ ಕಾಕು ಹೋಗಿ ಅವಳ ಕೈಗೆ ಮೋದಕ ಕೊಟ್ಟು ಕೆಳಗಿಳಿಸಿದರು.

ಪಕ್ಕದ ಹೆಂಗಸು ಮೆಲ್ಲಗೆ, ನಿಮ್ಮ ಮಗಳಿಗೆ ಮಾತು ಬರುವುದಿಲ್ಲವೇ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನನಗೆ ಎದ್ದು ನಿಂತು ಕೂಗಬೇಕು ಎನಿಸಿತು. ನನ್ನ ಮಗಳಿಗೆ ಎಂಥ ಮಾತು ಬರುತ್ತದೆ ಎಂದು ನಿಮಗೇನು ಗೊತ್ತು? ಲಾರಿಯಲ್ಲಿ ಬರುವಾಗ ಸಂಗವ್ವ ಡ್ರೈವರನ ಕಿವಿಯಲ್ಲಿ ಏನು ಹೇಳಿದಳು ಎಂದು ನನ್ನ ಮಗಳು ಹೇಳಿದ್ದನ್ನು ನೀವು ಕೇಳಿದ್ದೀರಾ? ಆದರೆ ಕೂಗಲಿಕ್ಕೂ ಭಾಷೆ ಬೇಕು. 'ಯೇತಂ' ಎಂದೆ. ಬರುತ್ತದೆ ಎಂದು.

ಸೆಪ್ಟೆಂಬರ್ 17, ಬುಧವಾರ

ಮಳೆ. ಬಟ್ಟೆ ಒಣಗುತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ನಾನು ಪೂರ್ತಿ ವಾಕ್ಯ ಆಡಿದ್ದು ಈ ಡೈರಿಯ ಜೊತೆಗೆ ಮಾತ್ರ.

ಸೆಪ್ಟೆಂಬರ್ 26, ಶುಕ್ರವಾರ

ಇವತ್ತಿನದನ್ನು ಬರೆಯಲೇಬೇಕು. ನಾಲ್ಕು ಗಂಟೆಗೆ ಬಾಲ್ಕನಿಯಲ್ಲಿ ಪಿಸುಮಾತು ಕೇಳಿಸಿತು. ರೇಣು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಹಿಂದೆ ಕೂತಿದ್ದಳು. ನನ್ನ ಹಳೆಯ ಸೀರೆ ಅವಳಿಗೆ ಪರದೆಯ ಹಾಗಿತ್ತು. ಮಾತು ಕನ್ನಡದ್ದು, ಅಷ್ಟು ಮಾತ್ರ ತಿಳಿಯಿತು. ಏರಿಳಿತ ಇತ್ತು, ನಡುವೆ ನಗು ಇತ್ತು. ಯಾರ ಜೊತೆ ಎಂದು ಸೀರೆ ಸರಿಸಿದೆ. ಯಾರೂ ಇರಲಿಲ್ಲ. ಅವಳು ನನ್ನನ್ನು ನೋಡಿದ್ದೇ ಬಾಯಿ ಮುಚ್ಚಿ 'ಕಾಹೀ ನಾಹೀ' ಎಂದಳು. ಏನೂ ಇಲ್ಲ.

ಸಿಕ್ಕಿಬಿದ್ದ ಕಳ್ಳಿಯ ಮುಖ. ಏಳು ವರ್ಷದ ಮಗು ತನ್ನ ಮಾತನ್ನು ಹೆತ್ತ ತಾಯಿಯಿಂದ ಬಚ್ಚಿಡುತ್ತಿದೆ. ನಾನು ಒಳಗೆ ಬಂದು ಅಕ್ಕಿ ಆರಿಸುವ ಮೊರ ಹಿಡಿದು ಕೂತೆ. ಅಕ್ಕಿ ಹಾಕಿಕೊಂಡಿರಲಿಲ್ಲ. ಈ ಊರಲ್ಲಿ ನನಗೆ ಯಾರೂ ಇಲ್ಲ ಎಂದು ಇಷ್ಟು ದಿನ ಅಳುತ್ತಿದ್ದೆ. ಒಬ್ಬಳಿದ್ದಳು. ಅವಳನ್ನೂ ಕಳೆದುಕೊಳ್ಳುತ್ತಿದ್ದೇನೆ ಎಂದು ಹೆದರಿಕೆಯಾಯಿತು.

ಅಕ್ಟೋಬರ್ 11, ಶನಿವಾರ

ಮತ್ತೆ ಶಾಲೆಯಿಂದ ಕರೆ. ವಿಕಾಸನಿಗೆ ಬಿಡುವಿರಲಿಲ್ಲ, ನಾನೇ ಹೋಗಬೇಕಾಯಿತು. ದಾರಿಯುದ್ದಕ್ಕೂ ನಾಲ್ಕು ವಾಕ್ಯ ಉರುಹೊಡೆದೆ. ಮಂಜರಿತಾಈ ನನಗಿಂತ ಚಿಕ್ಕವರು. ಅವರ ಎದುರು ಕೂತದ್ದೇ ಮೊದಲನೆಯ ವಾಕ್ಯ ಹಾರಿಹೋಯಿತು. ಅವರು ಅವಸರ ಮಾಡಲಿಲ್ಲ. "ಸಾವಕಾಶ ಸಾಂಗಾ, ಘಾಈ ನಾಹೀ" ಎಂದರು. ನಿಧಾನವಾಗಿ ಹೇಳಿ, ಅವಸರ ಇಲ್ಲ ಎಂದು. ಸಾವಕಾಶ ಎಂಬುದು ನಮ್ಮ ಕಡೆಯ ಮಾತೂ ಹೌದು. ಅದೊಂದನ್ನು ಹಿಡಿದುಕೊಂಡು ಎರಡನೆಯ ವಾಕ್ಯದಿಂದ ಶುರು ಮಾಡಿದೆ.

ರೇಣುವಿಗೆ ಎಲ್ಲ ತಿಳಿಯುತ್ತದೆ, ಬರೆಯುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ ಎಂದರು. ನವೆಂಬರ್ ಕೊನೆಗೆ ಪ್ರತಿ ಮಗುವೂ ನಿಂತು ಒಂದು ಕಥೆ ಹೇಳಬೇಕು. ಅಲ್ಲಿಯೂ ಹೀಗೇ ಆದರೆ ಇನ್ನೊಂದು ವರ್ಷ ಇದೇ ಇಯತ್ತೆಯಲ್ಲಿ ಕೂರಿಸುವುದು ಒಳ್ಳೆಯದು ಎಂದು ಮುಖ್ಯಾಧ್ಯಾಪಕಿ ಹೇಳುತ್ತಿದ್ದಾರಂತೆ. ತಾಈಗೆ ಅದು ಇಷ್ಟವಿಲ್ಲ. ಮನೆಯಲ್ಲಾದರೂ ಮಾತಾಡುತ್ತಾಳಾ ಎಂದು ಕೇಳಿದರು.

ನೀವು ಹೇಳಿದಂತೆ ಮನೆಯಲ್ಲಿ ಬರೀ ಮರಾಠಿ ಮಾತಾಡುತ್ತೇವೆ ಎಂದೆ. ಹರಕುಮುರುಕಾಗಿ, ಆದರೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಮೀ?" ಎಂದರು. ನಾನಾ?

ಅವರು ಜೂನಿನಲ್ಲಿ ವಿಕಾಸನಿಗೆ ಹೇಳಿದ್ದು ಒಂದೇ ಮಾತಂತೆ. ಮಗುವಿನ ಜೊತೆ ಮನೆಯಲ್ಲಿ ತುಂಬಾ ಮಾತಾಡಿ. ಯಾವ ಭಾಷೆ ಎಂದು ಅವರು ಹೇಳಿಯೇ ಇರಲಿಲ್ಲ. ನನಗೆ ಯಾವ ಭಾಷೆಯಲ್ಲಿ ಜಗಳ ಆಡಲು ಚೆನ್ನಾಗಿ ಬರುತ್ತದೆ ಎಂದು ಕೇಳಿದರು. ಕನ್ನಡ ಎಂದೆ. ಹಾಗಾದರೆ ಅದರಲ್ಲೇ ಮಾತಾಡಿ ಎಂದರು. ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ, ಅಂಗಡಿಗೆ ಹೋಗುವಾಗ. ಒಳಗೆ ಮಾತು ತುಂಬಿದ್ದರೆ ಅದು ಒಂದಲ್ಲ ಒಂದು ದಿನ ಮರಾಠಿಯಲ್ಲೂ ಹೊರಗೆ ಬರುತ್ತದೆ, ಮರಾಠಿ ಕಲಿಸುವುದು ತಮ್ಮ ಕೆಲಸ ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ. ಕಣ್ಣು ಒರೆಸಿಕೊಂಡು ಹತ್ತಬೇಕಿತ್ತು.

ಅಕ್ಟೋಬರ್ 12, ರವಿವಾರ

ರೇಣು ಕೆಳಗೆ ಸೈಕಲ್ ಹೊಡೆಯಲು ಹೋದಾಗ ವಿಕಾಸನನ್ನು ಕೇಳಿದೆ. ತಾಈ ಏನು ಹೇಳಿದ್ದರು, ಅಷ್ಟನ್ನೇ ಹೇಳ್ರಿ ಎಂದೆ. ಅವನು ಟೀವಿ ರಿಮೋಟನ್ನು ತಿರುಗಿಸಿ ನೋಡಿದ.

"ಭಾಳ ಮಾತಾಡ್ರಿ ಅಂದಿದ್ರು" ಎಂದ. "ಮರಾಠಿಯೊಳಗ ಅಂತನ ಇರಬೇಕು ಅಂತ ನಾ ತಿಳಕೊಂಡೆ. ಮತ್ತ್ಯಾವುದರಾಗ ಅಂತಾರ ಅವರು?"

"ನಾಕು ತಿಂಗಳು ನನ್ನ ಮಗಳ ಬಾಯಿ ಕಟ್ಟಿಸಿದ್ರಿ" ಎಂದೆ. "ನಂದೂ ಕಟ್ಟಿಸಿದ್ರಿ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳ ಆಡಬಹುದಿತ್ತು, ನನಗೆ ಕನ್ನಡದಲ್ಲಿ ಚೆನ್ನಾಗಿ ಬರುತ್ತದೆ. ನಿನಗೆ ತಿಳಿದಂತೆ ಮಾಡು, ನಾಳೆ ಶಾಲೆಯಲ್ಲಿ ನಕ್ಕರೆ ನನ್ನನ್ನು ಕೇಳಬೇಡ ಎಂದು ಎದ್ದು ಸ್ನಾನಕ್ಕೆ ಹೋದ. ಕಿವಿ ಕೆಂಪಾಗಿದ್ದವು.

ಅಕ್ಟೋಬರ್ 15, ಬುಧವಾರ

ಮೂರು ದಿನದಿಂದ ನಾನು ಕನ್ನಡ ಮಾತಾಡುತ್ತಿದ್ದೇನೆ. ರೇಣು ಮಾತಾಡುತ್ತಿಲ್ಲ. ಮೊದಲ ದಿನ ಊಟಕ್ಕೆ ಕರೆದಾಗ ಬೆಚ್ಚಿ ಬಾಗಿಲ ಕಡೆ ನೋಡಿ, "ಆಯೀ, ಮರಾಠೀತ ಬೋಲ" ಎಂದಳು. ಅಪ್ಪ ಒಪ್ಪಿದ್ದಾರೆ ಎಂದೆ. ನಂಬಲಿಲ್ಲ. ಬಾಗಿಲು ತೆಗೆದರೆ ಹಕ್ಕಿ ಹಾರಿ ಬರುತ್ತದೆ ಎಂದುಕೊಂಡಿದ್ದೆ. ತೆಗೆದ ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೇನೆ.

ಅಕ್ಟೋಬರ್ 19, ರವಿವಾರ

ನಾಳೆ ದೀಪಾವಳಿ. ಕರ್ಚಿಕಾಯಿಗೆ ಹೂರಣ ಮಾಡಲು ರೇಣುವನ್ನು ಕಟ್ಟೆಯ ಮೇಲೆ ಕೂರಿಸಿಕೊಂಡೆ. ಪುಟಾಣಿ ಹಿಟ್ಟು ಜರಡಿ ಹಿಡಿಯುವ ಕೆಲಸ ಅವಳದು. ಬೆಲ್ಲದ ಡಬ್ಬಿ ಕೆಳಗಿಳಿಸಿದಾಗ ಅವಳ ಜರಡಿ ನಿಂತಿತು. ನಾನು ಮುಚ್ಚಳದ ಮೇಲೆ ಕೈಯಿಟ್ಟು, ಪಾಪ, ಸಂಗವ್ವ ಇನ್ನೂ ಒಳಗೇ ಇದ್ದಾಳೆ, ಇಷ್ಟು ದಿನ ಏನು ಮಾಡಿದಳೋ ಎಂದೆ.

"ಇಲ್ಲ" ಎಂದಳು. ಕನ್ನಡದಲ್ಲಿ.

ನಾನು ಮುಚ್ಚಳ ತೆಗೆದು ಡಬ್ಬಿಯನ್ನು ಅವಳ ಕಡೆ ವಾಲಿಸಿದೆ.

"ಅಕಿ ಯಾವಾಗೋ ಹೊರಗ ಬಂದಾಳ. ಪಂಚಮಿ ದಿವಸ ನೀ ಉಂಡಿಗೆ ಡಬ್ಬಿ ತಗದಿದ್ದೆಲ್ಲಾ, ಅವಾಗ. ನಿನ್ನ ಕೈ ಮ್ಯಾಲಿಂದನ ಇಳದು ಹೋದಳು. ನೀ ನೋಡಲಿಲ್ಲ."

ಆಮೇಲೆ ಎಲ್ಲ ಬಂತು. ಸಂಗವ್ವ ಬಾಲ್ಕನಿಗೆ ಹೋದದ್ದು, ಸೀರೆಯ ಅಂಚು ಹಿಡಿದು ಮೂರನೇ ಮಹಡಿಗೆ ಇಳಿದದ್ದು, ಅಲ್ಲಿಯ ಇರುವೆಗಳು ಇವಳ ಮಾತು ತಿಳಿಯದೆ ಮೀಸೆ ಅಲ್ಲಾಡಿಸಿದ್ದು. ನಾಲ್ಕು ತಿಂಗಳ ಕಥೆ. ಅಷ್ಟನ್ನೂ ಅವಳು ಒಬ್ಬಳೇ ಕಟ್ಟಿದ್ದಳು, ಕೇಳುವವರಿಲ್ಲದೆ. ನಾನು ಈ ಡೈರಿಯಲ್ಲಿ ಮಾಡಿದ್ದನ್ನೇ ಅವಳು ಸೀರೆಯ ಹಿಂದೆ ಮಾಡುತ್ತಿದ್ದಳು. ಹೂರಣದಲ್ಲಿ ಒಂದೆರಡು ಹನಿ ಉಪ್ಪು ಬಿದ್ದಿರಬಹುದು.

ನವೆಂಬರ್ 7, ಶುಕ್ರವಾರ

ಕಳೆಯುವ ಲೆಕ್ಕ ಮತ್ತೆ ಬಂತು. ಎರಡರ ಮನೆಯಲ್ಲಿ ಏಳು ಇಲ್ಲ, ಸಂಗವ್ವ ಪಕ್ಕದ ನಾಲ್ಕರ ಮನೆಗೆ ಹೋಗಿ ಒಂದು ಹತ್ತನ್ನು ಕಡಾ ತಂದಳು ಎಂದೆ. ಧಾರವಾಡದಲ್ಲಿ ಸಕ್ಕರೆ ಕಡಾ ತರುತ್ತಿರಲಿಲ್ಲವೇ, ಹಾಗೆ. ಇಷ್ಟೇನಾ ಎನ್ನುವ ಹಾಗೆ ನೋಡಿ ಲೆಕ್ಕಗಳನ್ನೆಲ್ಲ ತಾನೇ ಮಾಡಿದಳು. ಕೊನೆಗೆ ಪೆನ್ಸಿಲ್ ಇಟ್ಟು, "ಅವ್ವಾ, ನಾವ್ಯಾಕ ಇಂದೂ ಕಾಕೂನ ಮನಿಯಿಂದ ಏನೂ ಕಡಾ ತರಂಗಿಲ್ಲ?" ಎಂದು ಕೇಳಿದಳು.

ಮನೆಯಲ್ಲಿ ಸಕ್ಕರೆ ಇತ್ತು. ಆದರೂ ಬಟ್ಟಲು ಹಿಡಿದು ಇಬ್ಬರೂ ಹೋದೆವು.

ನವೆಂಬರ್ 18, ಮಂಗಳವಾರ

ಮೀಸೆ ಅಲ್ಲಾಡಿಸುವುದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ರೇಣು ಕೇಳಿದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಇಂದೂ ಕಾಕುವಿನ ಮನೆಗೆ ಹೋಗಿ ಕೇಳಿದೆವು, ಅವರು ಮಾಡಿ ತೋರಿಸಿ ಶಬ್ದ ಹೇಳಿಕೊಟ್ಟರು. ಆಮೇಲೆ ಚಹಾ, ಮತ್ತೆ ಪಂಚಮಿಗೆ ಕೊಡದೆ ಉಳಿಸಿಕೊಂಡ ನನ್ನ ಉಂಡಿಯ ಮಾತು. ಮನೆಗೆ ಬರಲು ಕತ್ತಲಾಯಿತು. ಬಟ್ಟೆ ಮಡಚುವುದು ಬಾಕಿ ಇದೆ.

ನವೆಂಬರ್ 25, ಮಂಗಳವಾರ

ಕಥೆಯ ಪರೀಕ್ಷೆ. ಹೇಗಾಯಿತು ಎಂದರೆ 'ಹೇಳಿದೆ' ಎಂದಳು. ಅಷ್ಟೇ. ಬೂಟು ಬಿಚ್ಚಿ ಸೈಕಲ್ಲಿಗೆ ಓಡಿದಳು.

ನವೆಂಬರ್ 30, ರವಿವಾರ

ಬಹಳ ಬರೆಯಲು ಹೊತ್ತಿಲ್ಲ.

ವಿಕಾಸ ತನ್ನ ತಾಯಿಯ ಜೊತೆ ಫೋನ್ ಮುಗಿಸಿ ಹೊರಗೆ ಬಂದಾಗ ರೇಣು ಬಾಗಿಲಲ್ಲೇ ಕಾದಿದ್ದಳು. ಕೈ ಹಿಡಿದು ದಿವಾನದ ಮೇಲೆ ಕೂರಿಸಿ ಸಂಗವ್ವನ ಕಥೆಯನ್ನು ಶುರುವಿನಿಂದ ಹೇಳಿದಳು, ಕನ್ನಡದಲ್ಲಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಕಥೆಯನ್ನು ನಡುವೆ ನಿಲ್ಲಿಸಿ, ಮುಂದ ಏನಾತು ಹೇಳ್ರಿ ಅಪ್ಪಾ ಎಂದಳು. ಅವನು ನನ್ನ ಕಡೆ ನೋಡಿದ. ನಾನು ಹಂಚಿನ ಕಡೆ ನೋಡಿದೆ. ತನಗೆ ಕಥೆ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದ.

"ಸಾವಕಾಶ ಹೇಳ್ರಿ" ಎಂದಳು ರೇಣು. "ಅವಸರ ಇಲ್ಲ."

ಅವನು ತಡವರಿಸುತ್ತಾ, ಕನ್ನಡದಲ್ಲಿ ಶುರು ಮಾಡಿದ.

"ಸಂಗವ್ವ ಸಾಲಿಗೆ ಹೋದಳು. ಎದ್ದು ನಿಂತು ಕತಿ ಹೇಳಿದಳು. ನಡುವ ಒಂದು ಕನ್ನಡ ಶಬ್ದ ಬಂತು. ಅವಾಗ ಎಲ್ಲಾರೂ ಅಕಿಗೆ ನಕ್ಕರು."

"ಇಲ್ಲ ಅಪ್ಪಾ" ಎಂದಳು ರೇಣು. "ನಾ ನಡುವ ಬೆಲ್ಲ ಅಂದೆ. ಮರಾಠಿ ಶಬ್ದ ಮರತು ಹೋಗಿತ್ತು. ತಾಈ ಅದನ್ನ ಬೋರ್ಡ್ ಮ್ಯಾಲೆ ಬರದ್ರು, ಎಲ್ಲಾರೂ ಬೆಲ್ಲ ಬೆಲ್ಲ ಅಂದ್ರು. ಯಾರೂ ನಗಲಿಲ್ಲ."

ವಿಕಾಸ ಅವಳನ್ನೇ ನೋಡುತ್ತಿದ್ದ. "ಯಾರೂ?" ಎಂದ.

"ಯಾರೂ ಇಲ್ಲ" ಎಂದಳು. "ಮುಂದ ಹೇಳ್ರಿ."

ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಅದನ್ನು ನಾನೇ ತಿಂದೆ.